ಅಂಚೆಚೀಲದ ಮಳೆ

ಒದ್ದೆ ಹುಲ್ಲು, ಕುದುರೆಯ ಬೆವರು, ಕರಿದ ಆಲೂಗಡ್ಡೆಯ ಮೇಲೆ ಚಿಮುಕಿಸಿದ ವಿನಿಗರ್. ಈ ಮೂರೂ ಬೆರೆತ ವಾಸನೆಯೇ ಲಾರ್ಕನ್ ಟೂಹಿಯ ಪಾಲಿಗೆ ಬ್ಯಾಲಿನಾಶೀ ರೇಸು. ಐದು ವರ್ಷದವನಿದ್ದಾಗ ಅಪ್ಪನ ಹೆಗಲೇರಿ, ಅಪ್ಪನ ನೆನೆದ ಟೋಪಿಯ ಮೇಲೆ ಗದ್ದ ಊರಿಕೊಂಡು ಮೊದಲ ಸಲ ಮೂಗಿನ ತುಂಬ ಎಳೆದುಕೊಂಡ ವಾಸನೆ ಅದು.

ಈಗ ಅವನಿಗೆ ನಲವತ್ತಾರು. ರೇಸಿನ ದಿನ, ಗುರುವಾರ, ಬೆಳಗಿನ ಐದಕ್ಕೆ ಹಿತ್ತಿಲ ಬಾಗಿಲು ತೆರೆದು ಮೂಗರಳಿಸಿ ನಿಂತ. ಬಂದದ್ದು ಬರೀ ಧೂಳಿನ ವಾಸನೆ. ಮೂರು ವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಆಕಾಶ ಬೆಳಗಿಟ್ಟ ತಟ್ಟೆಯ ಹಾಗೆ ಲಕಲಕಿಸುತ್ತಿತ್ತು. ಊರಿಗೆ ಊರೇ ಸಂತೋಷದಲ್ಲಿತ್ತು, ಲಾರ್ಕನ್ ಒಬ್ಬನನ್ನು ಬಿಟ್ಟು.

ಕಾರಣ ನೋನಾ. ರೇಸಿನ ಪಟ್ಟಿಯಲ್ಲಿ ಅವಳ ಹೆಸರು ‘ಸಾಫ್ಟ್ ಡೇ’. ಜಿನುಗುಮಳೆಯ ದಿನವನ್ನು ಆ ಸೀಮೆಯವರು ಹಾಗೆಯೇ ಕರೆಯುವುದು. ಕಂದು ಬಣ್ಣದ, ಅಗಲ ಗೊರಸಿನ ಹೆಣ್ಣುಕುದುರೆ. ಅವಳ ಮುಂಗಾಲೆರಡು ಅಂಚೆಯ ಲಾರ್ಕನ್‌ನವು, ಹಿಂಗಾಲೆರಡು ಮಾಂಸದಂಗಡಿಯ ಹ್ಯಾನ್ಲಿಯವು. ಹಾಗೆ ಪಾಲು ಮಾಡಿಕೊಂಡು ನಾಲ್ಕು ವರ್ಷವಾಗಿತ್ತು. ಕೆಸರಿನಲ್ಲಿ ನೋನಾ ತವರಿಗೆ ಹೊರಟವಳ ಹಾಗೆ ಓಡುವಳು. ಗಟ್ಟಿ ನೆಲದಲ್ಲಾದರೆ ಹೊಸ ಬೂಟು ಕಾಲು ಕಚ್ಚಿದವಳ ಹಾಗೆ.

“ನೋಡು ಲಾರ್ಕನ್,” ಎಂದು ಹ್ಯಾನ್ಲಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೇ ಹೇಳಿದ್ದ. “ಗುರುವಾರ ಪ್ಲೇಟ್ ರೇಸು ಗೆದ್ದಳೋ, ಇಟ್ಕೊಳ್ಳೋಣ. ಸೋತಳೋ, ಶುಕ್ರವಾರದ ಹಡಗು ಹತ್ತಿಸೋದೇ. ಇಂಗ್ಲೆಂಡಿನವನೊಬ್ಬ ಕೇಳ್ತಾ ಇದಾನೆ.”

“ನನ್ನ ಮುಂಗಾಲು ನಾನು ಕೊಡಲ್ಲ.”

“ಹಿಂಗಾಲು ಹೋದ ಕಡೆ ಮುಂಗಾಲೂ ಹೋಗಲೇಬೇಕಲ್ಲ ಮಾರಾಯ.”

ದಿನಾ ಬೆಳಗ್ಗೆ ಒಂದು ಕ್ಯಾರೆಟ್ ಹಿಡಿದು ಲಾರ್ಕನ್ ನೋನಾ ಮೇಯುವ ಬಯಲಿನ ಬೇಲಿಯ ಹತ್ತಿರ ಹೋಗುತ್ತಿದ್ದ. ಕ್ಯಾರೆಟ್ ಮುಗಿದ ಮೇಲೂ ನೋನಾ ಹೋಗುತ್ತಿರಲಿಲ್ಲ. ಅವನ ಹೆಗಲ ಮೇಲೆ ಗದ್ದ ಊರಿ ಸುಮ್ಮನೆ ನಿಲ್ಲುವಳು. ಮದುವೆಯಾಗದ ಲಾರ್ಕನ್‌ಗೆ ಹಾಗೆ ಹೆಗಲಿಗೊರಗುವ ಜೀವ ಲೋಕದಲ್ಲಿ ಅದೊಂದೇ.

ಯೋಚಿಸುತ್ತ ನಿಂತವನ ಕಣ್ಣಿಗೆ ಹಿತ್ತಿಲ ಬೇಲಿಯ ಬುಡದಲ್ಲಿದ್ದ ಪ್ರಾಗಿನ ಬಾಲಯೇಸು ಬಿದ್ದ. ಕೆಂಪು ನಿಲುವಂಗಿ, ಚಿನ್ನದ ಬಣ್ಣದ ಕಿರೀಟ, ಗೇಣುದ್ದದ ಪ್ಲಾಸ್ಟರಿನ ವಿಗ್ರಹ. ಅಮ್ಮನ ಕಾಲದ್ದು, ಕತ್ತು ಎರಡು ಸಲ ಮುರಿದು ಎರಡು ಸಲ ಅಂಟಿಸಿಕೊಂಡದ್ದು. ಮರುದಿನ ಮಳೆ ಬೇಡವೆನ್ನುವವರು ಹಿಂದಿನ ಸಂಜೆ ಅವನನ್ನು ಮನೆಯಿಂದ ಹೊರಗೆ ನಿಲ್ಲಿಸಬೇಕು, ಊರಿನ ನಂಬಿಕೆ ಅದು. ನಿಲ್ಲಿಸಿದ್ದವಳು ಅಕ್ಕ ಅಟ್ರಾಕ್ಟಾ. ರೇಸಿನ ಬಯಲಿನಲ್ಲಿ ಚರ್ಚಿನ ಪರವಾಗಿ ಚಹಾದ ಡೇರೆ ಹಾಕುವವಳು ಅವಳು. ಇನ್ನೂರು ಸ್ಯಾಂಡ್‌ವಿಚ್, ನಲವತ್ತು ಸೇಬಿನ ಪೈ, ಮೇಲೊಂದು ತೂತು ಬಿದ್ದ ಡೇರೆ.

“ಕ್ಷಮಿಸಪ್ಪಾ,” ಎಂದವನೇ ಲಾರ್ಕನ್ ವಿಗ್ರಹವನ್ನು ಎತ್ತಿ ಒಳಗೆ ತಂದ. ಎಲ್ಲಿಡುವುದು? ಮಹಡಿಯ ಮೇಲೆ ಅಕ್ಕನ ಹೆಜ್ಜೆ ಸದ್ದು. ಕೈಗೆ ಸಿಕ್ಕಿದ ಬ್ರೆಡ್ಡಿನ ಡಬ್ಬಿಯೊಳಗೆ ತಲೆಕೆಳಗಾಗಿ ತುರುಕಿ ಮುಚ್ಚಳ ಒತ್ತಿದ.

ಏಳು ಗಂಟೆಗೆ ಸೈಕಲ್ಲೇರಿ ಪತ್ರ ಹಂಚಲು ಹೊರಟ. ಮೊದಲನೆಯ ಮನೆ ಮುದುಕಿ ಗೆರಟಿಯಮ್ಮನದು. ಕಾಂಪೌಂಡಿನ ಗೋಡೆಯ ಮೇಲೆ, ಎದೆ ಸೆಟೆಸಿಕೊಂಡು, ಇನ್ನೊಬ್ಬ ಬಾಲಯೇಸು!

“ಬಾ ಮಗನೇ,” ಎಂದಳು ಗೆರಟಿಯಮ್ಮ. “ಇವತ್ತು ಹೊಸ ಟೋಪಿ ನಂದು, ಗರಿ ಇರೋದು. ಒಂದು ಹನಿ ಬಿದ್ರೂ ಸತ್ತ ಕೋಳಿ ಥರ ಆಗ್ತದೆ. ಅದಕ್ಕೇ ಇವನನ್ನ ರಾತ್ರಿಯಿಡೀ ಕಾವಲು ನಿಲ್ಲಿಸಿದೀನಿ. ತಾಳು, ಕನ್ನಡಕ ತರ್ತೀನಿ.”

ಕನ್ನಡಕ ತಂದು ಅವಳು ಪತ್ರ ಓದಿ ಮುಗಿಸಿ ತಲೆಯೆತ್ತುವ ಹೊತ್ತಿಗೆ ಲಾರ್ಕನ್ ತಿರುವು ದಾಟಿದ್ದ. ಚೀಲ ಒಂದು ಗೇಣು ಉಬ್ಬಿತ್ತು.

ದಿಬ್ಬದ ಮೇಲೆ ನಿಂತು ಪಡುವಣಕ್ಕೆ ನೋಡಿದ. ಸಮುದ್ರದ ಮೇಲೆ ಉಗುರಿನಷ್ಟು ಮೋಡ!

ಪೆಡಲು ಜೋರಾಗಿ ತುಳಿದ. ಮುಂದಿನ ಮನೆಯ ಕಿಟಕಿಯ ಹೊರಗೆ ಇನ್ನೊಬ್ಬ ಬಾಲಯೇಸು. ತೆಗೆದು ಚೀಲಕ್ಕೆ ಹಾಕಿದ. ಮೋಡ ಅಂಗೈಯಷ್ಟಾಯಿತು. ಡೈರಿಯ ಕ್ವಿರ್ಕನ ತೋಟದ ಎಲೆಕೋಸುಗಳ ನಡುವೆ ಒಬ್ಬ, ಮೋಡ ಕಂಬಳಿಯಷ್ಟಾಯಿತು. ಹೀಗೆ ಮನೆಗೊಂದು ಪತ್ರ ಕೊಟ್ಟು ಮನೆಯಿಂದ ಒಬ್ಬ ಬಾಲಯೇಸುವನ್ನು ಪಡೆಯುತ್ತ ಹನ್ನೊಂದು ಗಂಟೆಗೆ ಹನ್ನೊಂದನೆಯ ಗೇಟು ತಲುಪಿದಾಗ ಆಕಾಶ ಕಾವಲಿಯ ತಳದ ಹಾಗೆ ಕಪ್ಪಿಟ್ಟಿತ್ತು. ಹನ್ನೊಂದನೆಯ ಮನೆಯ ನಾಯಿ ಮಾತ್ರ ಈ ಏರ್ಪಾಟನ್ನು ಒಪ್ಪಲಿಲ್ಲ. ಹನ್ನೊಂದನೆಯವನನ್ನು ಚೀಲಕ್ಕೆ ಸೇರಿಸಿದ ಲಾರ್ಕನ್, ಅಟ್ಟಿಸಿಕೊಂಡು ಬಂದ ಅದರಿಂದ ತಪ್ಪಿಸಿಕೊಳ್ಳಲು ಮುಳ್ಳಿನ ಪೊದೆಯ ಮೇಲೆ ಸೈಕಲ್ ಹಾಯಿಸಿದ. ಎರಡೂ ಚಕ್ರ ಪಂಕ್ಚರ್.

ಪಕ್ಕದಲ್ಲಿ ಒಂದು ಕಾರು ನಿಂತಿತು. ಒಳಗೆ ಸಾರ್ಜೆಂಟ್ ಮಲ್‌ಕ್ವೀನ್, ಕಾರಿನ ಮುಕ್ಕಾಲು ಪಾಲು ತುಂಬಿಕೊಂಡು.

“ಹತ್ತಯ್ಯಾ, ರೇಸಿಗೇ ಹೊರಟಿದೀನಿ. ಎಂಥ ದಿನ ಅಂತೀಯಾ! ಬೆಳಗ್ಗಿಂದ ಹತ್ತು ದೂರು. ಯಾವನೋ ಊರಿನ ಬಾಲಯೇಸುಗಳನ್ನೆಲ್ಲ ಕದ್ದಿದಾನೆ.”

ಲಾರ್ಕನ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಅದು ಕಟಕಟ ಅಂದಿತು.

“ಏನದು ಸದ್ದು?”

“ಪಾರ್ಸೆಲ್ಲು. ಪಿಂಗಾಣಿ ಬಟ್ಟಲು. ಮನೇಲಿ ಯಾರೂ ಇರಲಿಲ್ಲ, ವಾಪಸ್ ತಂದೆ.”

“ಹೂಂ.” ಸಾರ್ಜೆಂಟ್ ಒಂದು ಕೈಯಲ್ಲಿ ಕಾರು ನಡೆಸುತ್ತ ಇನ್ನೊಂದು ಕೈಯಲ್ಲಿ ಟಿಪ್ಪಣಿ ಪುಸ್ತಕ ತೆರೆದ. “ಗೆರಟಿ, ಡೆವೇನ್, ಕ್ವಿರ್ಕ್, ಲಿಂಚ್... ಅರೆ, ಇದು ನೀನು ದಿನಾ ಹೋಗೋ ದಾರೀನೇ ಅಲ್ವೇನಯ್ಯಾ? ಆ ಕಡೆ ಯಾರನ್ನಾದ್ರೂ ನೋಡಿದೆಯಾ?”

“ನನ್ನನ್ನ ಬಿಟ್ರೆ ಬೇರೆ ಯಾರೂ ಇರಲಿಲ್ಲ,” ಎಂದು ಲಾರ್ಕನ್ ನಿಜವನ್ನೇ ಹೇಳಿದ.

ಅಷ್ಟರಲ್ಲಿ ಕಾರಿನ ಗಾಜಿನ ಮೇಲೆ ದ್ರಾಕ್ಷಿಯಷ್ಟು ದಪ್ಪದ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಎಣಿಸುವ ಗೋಜೇ ಇರಲಿಲ್ಲ.

ಬ್ಯಾಲಿನಾಶೀಯಲ್ಲಿ ಮಳೆ ಹುಯ್ಯತೊಡಗಿತು. ಬೇಸಿಗೆಯ ಉಡುಪಿನ ಹೆಂಗಸರು ರೇಸಿನ ಪುಸ್ತಕ ತಲೆಗೆ ಹಿಡಿದು ಓಡಿದರು. ಬುಕ್ಕಿಗಳ ಹಲಗೆಯ ಮೇಲಿನ ಸೀಮೆಸುಣ್ಣದ ಅಂಕಿಗಳು ಹಾಲಿನ ಹಾಗೆ ಹರಿದವು. ಅಟ್ರಾಕ್ಟಾ ಡೇರೆಯ ತೂತಿನ ಕೆಳಗೆ ಬಕೆಟ್ ಇಟ್ಟು, ಯಾರ ಮೇಲೂ ಸಿಡುಕದೆ, ನೆನೆದವರಿಗೆಲ್ಲ ಬಿಸಿ ಚಹಾ ಬಗ್ಗಿಸುತ್ತಿದ್ದಳು. ಲಾರ್ಕನ್ ಮಾತ್ರ ಚೀಲ ಹೆಗಲಿಗೇರಿಸಿಕೊಂಡೇ ಮಳೆಯ ನಡುವೆ ನಿಂತು ಕಣ್ಣು ಮುಚ್ಚಿದ. ಒದ್ದೆ ಹುಲ್ಲು, ಬೆವರು, ವಿನಿಗರ್! ಮೂರನೆಯ ರೇಸು ಮುಗಿದಾಗ ಓಟದ ಹಾದಿ ಗಂಜಿಯಾಗಿತ್ತು. ನೋನಾಗೆಂದೇ ಹದವಾಗಿ ಬೇಯಿಸಿದ ಗಂಜಿ.

ಪ್ಲೇಟ್ ನಾಲ್ಕು ಗಂಟೆಗೆ. ನೋನಾಳ ಸವಾರ, ಹಸಿರು ಅಂಗಿಯ ಜಾಕಿ, ತಡಿ ಹಿಡಿದು ಸಿದ್ಧನಾಗಿದ್ದ. ಮೂರೂವರೆಗೆ ಧ್ವನಿವರ್ಧಕ ಕೆಮ್ಮಿತು: “ಏಳನೇ ನಂಬರ್, ಸಾಫ್ಟ್ ಡೇ, ಇನ್ನೂ ಬಂದಿಲ್ಲ.”

ಗೆರಟಿಯಮ್ಮ ತೊಯ್ದು ತೊಪ್ಪೆಯಾಗಿ ಬಂದಳು. ಟೋಪಿ ನಿಜಕ್ಕೂ ಸತ್ತ ಕೋಳಿಯಂತಿತ್ತು. “ಲಾರ್ಕನ್, ನಿಮ್ಮ ಹ್ಯಾನ್ಲಿಯ ವ್ಯಾನು ಕುದುರೆ ಸಮೇತ ಹೊಳೆದಾರೀಲಿ ಹೂತುಹೋಗಿದೆ. ಅರ್ಧ ಚಕ್ರ ಮಣ್ಣೊಳಗೆ. ಅವನ ಬಾಯಿಂದ ಬರ್ತಿರೋ ಮಾತು ಕೇಳಿ ನಾನು ಶಿಲುಬೆ ಗುರುತು ಹಾಕ್ಕೊಂಡು ಬಂದೆ.”

ಲಾರ್ಕನ್ ಓಡಿದ. ಕ್ವಿರ್ಕನ ಹೊಲದ ಮಧ್ಯದಿಂದ, ಬೆನ್ನ ಮೇಲೆ ಹನ್ನೊಂದು ಬಾಲಯೇಸುಗಳು ತಾಳ ಹಾಕುತ್ತಿರಲು, ಏದುಸಿರು ಬಿಡುತ್ತ ಓಡಿದ. ಹೊಳೆದಾರಿಯಲ್ಲಿ ಹ್ಯಾನ್ಲಿ ಮೊಣಕಾಲವರೆಗೆ ಕೆಸರಿನಲ್ಲಿದ್ದ.

“ಮೂರು ವಾರ ಕಲ್ಲಿನ ಹಾಗಿದ್ದ ದಾರಿ ಕಣಯ್ಯಾ! ಯಾವ ಪಾಪಿಯ ಕಣ್ಣು ಬಿತ್ತೋ!”

“ಯಾರದೋ,” ಎಂದ ಲಾರ್ಕನ್, ವ್ಯಾನಿನ ಬಾಗಿಲು ಎಳೆಯುತ್ತ. “ಇಳಿಸು ಅವಳನ್ನ. ನಡೆಸ್ಕೊಂಡೇ ಹೋಗ್ತೀನಿ.”

ನೋನಾ ಕೆಸರಿಗೆ ಕಾಲಿಟ್ಟಳು. ಒಂದು ಸಲ ಮೂಸಿದಳು. ಅವಳ ಕಿವಿಗಳೆರಡೂ ನೆಟ್ಟಗಾದವು. ಆಮೇಲೆ ಲಾರ್ಕನ್ ಅವಳನ್ನು ನಡೆಸಿದನೋ ಅವಳೇ ಅವನನ್ನು ಎಳೆದಳೋ ಹೇಳುವುದು ಕಷ್ಟ. ಹೊಲದ ನಡುವೆ ಚೀಲದ ಪಟ್ಟಿ ಕಿತ್ತುಬಿತ್ತು, ಕಂಕುಳಿಗೆ ಸಿಕ್ಕಿಸಿಕೊಂಡ ಚೀಲ ಓರೆಯಾಯಿತು. ಬಾಲಯೇಸುಗಳು ಒಬ್ಬೊಬ್ಬರಾಗಿ ಹುಲ್ಲಿಗೆ ಉದುರಿದರು. ಹೆಕ್ಕಲು ಪುರುಸೊತ್ತೆಲ್ಲಿ! ದೂರದಲ್ಲಿ ಗಂಟೆ ಮೊಳಗಿತು. ಪ್ಲೇಟ್ ಹೊರಟೇಬಿಟ್ಟಿತ್ತು.

ಕ್ವಿರ್ಕನ ಹೊಲದ ಬೇಲಿಯಾಚೆಗೇ ಓಟದ ಹಾದಿ. ಹದಿಮೂರು ಕುದುರೆಗಳು ನೆಲ ನಡುಗಿಸುತ್ತ, ಕೆಸರು ಎರಚುತ್ತ ಬಂದವು. ಗುಡುಗಿನ ಹಾಗೆ ಹಾದುಹೋದವು. ನೋನಾ ತಲೆಯೆತ್ತಿ ಒಮ್ಮೆ ಕೆನೆದಳು. ಲಾರ್ಕನ್‌ನ ಅಂಗೈ ಸುಟ್ಟಂತಾಯಿತು. ನೋಡಿದರೆ ಹಗ್ಗವಿಲ್ಲ, ನೋನಾ ಇಲ್ಲ. ಬೇಲಿಯ ಮೇಲೆ ಒಂದು ಕ್ಷಣ ಕಂದು ಹೊಟ್ಟೆ ಕಂಡಿತು, ಅಷ್ಟೆ.

ಧ್ವನಿವರ್ಧಕಕ್ಕೆ ಹುಚ್ಚು ಹಿಡಿಯಿತು. “ಕೊನೇಲಿ ಒಂದು ಕುದುರೆ ಬರ್ತಾ ಇದೆ... ಅದು ನನ್ನ ಪಟ್ಟೀಲಿಲ್ಲ... ಅದರ ಮೇಲೆ ಯಾರೂ ಇಲ್ಲ... ಎಂಟನೇದು, ಐದನೇದು... ಅಯ್ಯಯ್ಯೋ, ಅದು ಹಾರೋದು ನೋಡಿ! ಮೂರನೇದು! ಮುಂದೆ ಬಂತು! ಸ್ವಾಮೀ, ಇದು ನೋನಾ ಕಣ್ರೀ! ನಮ್ಮ ಹ್ಯಾನ್ಲಿಯ ನೋನಾ!”

ಲಾರ್ಕನ್ ಬೇಲಿ ಹತ್ತಿ, ಮುಳ್ಳು ಮರೆತು, ಟೋಪಿ ಬೀಸುತ್ತ ಕಿರುಚಿದ. “ಹೋಗು! ಹೋಗು ನನ್ನ ತಾಯೀ!” ಜನ ಕೊಡೆ ಎಸೆದು ಕುಣಿದರು. ಪಾದ್ರಿಗಳು ಬುಕ್ಕಿಯೊಬ್ಬನನ್ನು ತಬ್ಬಿಕೊಂಡರು. ನೋನಾ ಇಪ್ಪತ್ತು ಮಾರು ಮುಂದಾಗಿ ಕಂಬ ದಾಟಿದಳು. ಅದೇ ಗಳಿಗೆಗೆ ಮೋಡ ಹರಿದು ಬಿಸಿಲು ಬಿತ್ತು. ಅವಳು ತಾನಾಗಿಯೇ ಗೆದ್ದವರ ಜಾಗಕ್ಕೆ ನಡೆದು ನಿಂತು, ಕ್ಯಾರೆಟ್‌ಗಾಗಿ ಸುತ್ತ ನೋಡಿದಳು.

“ಸವಾರನಿಲ್ಲ, ತಡಿಯಿಲ್ಲ, ತೂಕವಿಲ್ಲ,” ಎಂದರು ರೇಸಿನ ಅಧಿಕಾರಿ, ಮೂಗಿನ ಮೇಲಿನ ಕೆಸರು ಒರೆಸುತ್ತ. “ಲೆಕ್ಕಕ್ಕಿಲ್ಲ.”

ಬೇಲಿಯಿಂದ ಓಡಿ ಬಂದ ಲಾರ್ಕನ್ ನೋನಾಳ ಹಗ್ಗ ಹಿಡಿದುಕೊಂಡ. ಹ್ಯಾನ್ಲಿ ಬಂದು ನೋನಾಳ ಕುತ್ತಿಗೆ ತಟ್ಟಿದ.

“ಗೆದ್ದಳು. ಆದ್ರೆ ಗೆಲ್ಲಲಿಲ್ಲ,” ಎಂದ. “ಸೋತಳು ಅನ್ನೋಕೂ ಬಾಯಿ ಬರ್ತಿಲ್ಲ ನನಗೆ. ಸೆಪ್ಟೆಂಬರ್ ರೇಸಿಗೆ ಇನ್ನೊಂದು ಸಲ ನೋಡೋಣ. ಕೆಸರಿದ್ರೆ ಇವಳನ್ನ ಹಿಡಿಯೋರಿಲ್ಲ. ಆಗಲೂ ಗೆಲ್ಲದಿದ್ರೆ ಮಾತ್ರ ಹಡಗೇ.”

ಸೆಪ್ಟೆಂಬರ್! ಬ್ಯಾಲಿನಾಶೀಯಲ್ಲಿ ಸೆಪ್ಟೆಂಬರಿಗೆ ಮಳೆ ತಪ್ಪಿದ್ದೇ ಇಲ್ಲ. ಲಾರ್ಕನ್ ನಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಉಳಿಯಿತು. ಕ್ವಿರ್ಕನ ಹೊಲದ ಕಡೆಯಿಂದ ಗೆರಟಿಯಮ್ಮನ ಕೂಗು ಕೇಳಿಸಿತ್ತು.

ಎಲ್ಲರೂ ಓಡಿದರು. ಒದ್ದೆ ಹುಲ್ಲಿನಲ್ಲಿ, ಹೊಸ ಬಿಸಿಲಿನಲ್ಲಿ, ಹನ್ನೊಂದು ಬಾಲಯೇಸುಗಳು ಮಿನುಗುತ್ತಿದ್ದರು. ಮೂವರ ಕತ್ತು ಮುರಿದಿತ್ತು. ಕತ್ತು ಮುರಿದವನ ಶಕ್ತಿ ಇಮ್ಮಡಿ ಎಂದು ಅಲ್ಲಿ ಗೊತ್ತಿಲ್ಲದವರಿಲ್ಲ.

“ನನ್ನವನು!” ಗೆರಟಿಯಮ್ಮ ಮಂಡಿಯೂರಿ ಅತ್ತಳು. “ನನ್ನ ಗೋಡೆಯಿಂದ ಇಲ್ಲೀವರೆಗೂ ಬಂದಿದಾನೆ! ಇವರು ಬಂದು ನಿಂತ ಕ್ಷಣಕ್ಕೇ ಮಳೆ ನಿಂತಿತು, ನೋಡಿದ್ರಾ?”

“ನಿಮ್ಮದು ಕಾಣಿಸ್ತಿಲ್ವಲ್ಲ ಅಟ್ರಾಕ್ಟಾ?” ಎಂದು ಯಾರೋ ಕೇಳಿದರು.

ಅಟ್ರಾಕ್ಟಾ ತಮ್ಮನ ಕಡೆ ನೋಡದೆ ಹೇಳಿದಳು. “ನಮ್ಮವನು ಮನೇಲೇ ಇದಾನೆ. ಕತ್ತು ಸರಿಯಿಲ್ಲ ಪಾಪ, ಅಷ್ಟು ದೂರ ಬರೋಕಾಗಲ್ಲ.”

ನಿಂತ ನಿಲುವಿನಲ್ಲೇ ಊರಿನ ತೀರ್ಮಾನವಾಯಿತು. ಬಿಡಿಬಿಡಿಯಾಗಿ ಅಂಗಳದಲ್ಲಿಟ್ಟರೆ ಸಾಲದು, ಇನ್ನು ಮುಂದೆ ಪ್ರತಿ ರೇಸಿಗೂ ಹಿಂದಿನ ಸಂಜೆ ಹನ್ನೊಂದನ್ನೂ ಈ ಹೊಲದಲ್ಲೇ ನಿಲ್ಲಿಸಬೇಕು. ಹಾಗೆ ಮಾಡಿದರೆ ಬ್ಯಾಲಿನಾಶೀಯ ಬಯಲಿಗೆ ಇನ್ನೆಂದೂ ಹನಿ ಬೀಳದು.

“ಆದ್ರೆ ಮನೆಮನೆಯಿಂದ ಹೊತ್ತು ತರೋರು ಯಾರು?” ಎಂದ ಕ್ವಿರ್ಕ್.

ಸಾರ್ಜೆಂಟ್ ಮಲ್‌ಕ್ವೀನನ ಕೈಯಲ್ಲಿ ಒಂದು ಕಿತ್ತ ಚರ್ಮದ ಪಟ್ಟಿ ಇತ್ತು. ಅದನ್ನು ನೋಡಿದ, ಲಾರ್ಕನ್‌ನನ್ನು ನೋಡಿದ, ಟಿಪ್ಪಣಿ ಪುಸ್ತಕ ಮುಚ್ಚಿ ಜೇಬಿಗೆ ಹಾಕಿದ.

“ನಮ್ಮ ಅಂಚೆಯವನು ತರ್ತಾನೆ,” ಎಂದ ಮೆತ್ತಗೆ. “ದೊಡ್ಡ ಚೀಲ ಇದೆ. ದಾರಿ ಗೊತ್ತಿದೆ. ಕೈಗೂ ಅಭ್ಯಾಸ ಆಗಿದೆ ಅನ್ನಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಗೆರಟಿಯಮ್ಮ ಲಾರ್ಕನ್‌ನ ಎರಡೂ ಕೆನ್ನೆಗೆ ಮುತ್ತಿಟ್ಟಳು.

ಸಂಜೆ ಅವನು ಹನ್ನೊಂದು ಮನೆಗೆ ಹನ್ನೊಂದು ಬಾಲಯೇಸುಗಳನ್ನು ತಲುಪಿಸಿ, ನಾಯಿಯಿಂದ ಮತ್ತೊಮ್ಮೆ ಬೊಗಳಿಸಿಕೊಂಡು, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. ಅಟ್ರಾಕ್ಟಾ ಒಲೆಯ ಮುಂದಿದ್ದಳು. ಹನ್ನೆರಡನೆಯವನನ್ನಾದರೂ ಅವಳು ನೋಡುವ ಮೊದಲೇ ಕಪಾಟಿಗೆ ಸೇರಿಸೋಣವೆಂದು ಲಾರ್ಕನ್ ಸದ್ದಿಲ್ಲದೆ ಬ್ರೆಡ್ಡಿನ ಡಬ್ಬಿ ತೆರೆದ.

ಬೆಳಗ್ಗೆ ಅವನು ತಲೆಕೆಳಗಾಗಿ ತುರುಕಿದ್ದ ಬಾಲಯೇಸು ಈಗ ಅಂಗಾತ ಮಲಗಿದ್ದ, ಒಗೆದು ಇಸ್ತ್ರಿ ಮಾಡಿದ ಟವಲಿನಲ್ಲಿ ಸುತ್ತಿಕೊಂಡು. ಕತ್ತಿನ ಕೆಳಗೆ ದಿಂಬಿನ ಹಾಗೆ ಬ್ರೆಡ್ಡಿನ ಒಂದು ತುಂಡು. ಆ ತುಂಡು ಒಣಗಿ ಗಟ್ಟಿಯಾಗಿತ್ತು, ಬೆಳಗ್ಗೆಯೇ ಕೊಯ್ದದ್ದು. ಆಗಲೇ ಕಂಡಿದ್ದರೂ ಅವನನ್ನು ಅವಳು ಮತ್ತೆ ಹೊರಗೆ ನಿಲ್ಲಿಸಿರಲಿಲ್ಲ.

ಲಾರ್ಕನ್ ತಿರುಗಿ ಅಕ್ಕನನ್ನು ನೋಡಿದ. ಅವಳ ಬೂಟು, ಲಂಗದ ಅಂಚು ಇನ್ನೂ ಒದ್ದೆಯಾಗಿಯೇ ಇದ್ದವು. ಅವಳು ಬೇಯಿಸಿದ ಹಂದಿಮಾಂಸ, ಎಲೆಕೋಸು, ಬೆಣ್ಣೆ ಕರಗುತ್ತಿರುವ ಆಲೂಗಡ್ಡೆ ಬಡಿಸಿದ ತಟ್ಟೆಯನ್ನು, ಅಂಚಿನಲ್ಲಿ ನೋನಾಗೆಂದು ಒಂದು ಹಸಿ ಕ್ಯಾರೆಟ್ ಇಟ್ಟು, ಅವನ ಕೈಗೆ ಕೊಟ್ಟಳು.