ನವಿರಿಗೆ ಹೋದ ಮೀಸೆ

ನಿಘಂಟು ಕಚೇರಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಖಾಲಿಯಾದಂದಿನಿಂದ ಮೀಸೆರಾಯರಿಗೆ ಊಟ ರುಚಿಸುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅವರ ಮೇಜು ಶೌಚಾಲಯದ ಬಾಗಿಲಿಗೆ ಅಂಟಿಕೊಂಡಿತ್ತು. ಒಳಗಿನಿಂದ ಯಾರು ಬಂದರೂ ಬಾಗಿಲು ಅವರ ಮೊಣಕೈಗೆ ಬಡಿದು, ಬರೆಯುತ್ತಿದ್ದ ಅರ್ಥ ಅನರ್ಥವಾಗುತ್ತಿತ್ತು. ಸಾಲದ್ದಕ್ಕೆ ಮೇಜು ಕುಂಟು. ಕೆಲಸಕ್ಕೆ ಸೇರಿದ ದಿನವೇ ಕೈಗೆ ಸಿಕ್ಕ ಕಾಗದ ಮಡಚಿ ಕಾಲಿನಡಿ ತುರುಕಿದ್ದರಿಂದ ಹೇಗೋ ನಿಂತಿತ್ತು.

"ಅರ್ಥದ ಚೀಟಿ ಪೆಟ್ಟಿಗೆಯಲ್ಲಿ ಇಲ್ಲದ ಎರಡು ಪದ ಇವೆ," ಎಂದರು ಸಂಪಾದಕರು ಆ ಬೆಳಿಗ್ಗೆ, ರಾಯರನ್ನೂ ಎದುರು ಮೇಜಿನ ಹುಡುಗಿಯನ್ನೂ ಕರೆದು. "ಐದು ಗಂಟೆಯೊಳಗೆ ಹೊಸ ಚೀಟಿ ಕೊಟ್ಟವರಿಗೆ ಆ ಕುರ್ಚಿ. ಇಬ್ಬರೂ ಕೊಟ್ರೆ ಹಿರಿಯರಿಗೆ. ಇನ್ನೊಂದು ನಿಘಂಟು ನೋಡಿ ಬರೆಯೋದು ಕಳ್ಳತನ. ಪದ ಬಳಸೋ ಜನರನ್ನ ಕೇಳ್ಕೊಂಡು ಬನ್ನಿ."

ಹುಡುಗಿಗೆ ಸಿಕ್ಕಿದ್ದು 'ನಾಯಿ'. ಹತ್ತೂವರೆಗೆ ಮುಗಿಸಿ ಕಾಫಿ ಕುಡಿಯುತ್ತಿದ್ದಳು. ಮೀಸೆರಾಯರಿಗೆ ಸಿಕ್ಕಿದ್ದು 'ನವಿರು'. ಹಿರಿಯರು ತಾವೇ ತಾನೆ ಎಂದು ಮೀಸೆ ತೀಡಿಕೊಂಡು ಹೊರಟರು.

ಬಡಗಿ ಹಲಗೆ ತೋರಿಸಿ, "ಸವರಿ ನೋಡಿ ಸಾರ್, ಇದೇ ನವಿರು," ಎಂದ. ಸವರಿದರು. ಅಂಗೈಗೆ ಸಿಬಿರು ಹೊಕ್ಕಿತು.

"ಓ, ಆ ಕಡೆ ಇನ್ನೂ ಉಜ್ಜಿಲ್ಲ!"

ಬಟ್ಟೆ ಅಂಗಡಿಯಾಕೆ ರೇಷ್ಮೆ ಬಿಚ್ಚಿ ಹರಡಿದಳು. "ಕೈಗೇನು ಗೊತ್ತಾಗುತ್ತೆ? ಕೆನ್ನೆಗೆ ಒತ್ಕೊಳ್ಳಿ."

ಒತ್ತಿಕೊಂಡದ್ದೇ ತಡ, ಪೊದೆ ಮೀಸೆಗೆ ಎಳೆ ಸಿಕ್ಕಿ ಪರ್ರೆಂದು ಬಂತು. "ಅಯ್ಯೋ! ಆ ಪೊರಕೆ ಕತ್ತರಿಸ್ಕೊಂಡು ಬನ್ರೀ ಮೊದಲು!"

ಹೀಗೆ ಅವರು ಪಕ್ಕದ ಕ್ಷೌರದಂಗಡಿ ಸೇರಿದ್ದು. ತುದಿ ಕತ್ತರಿಸಲು ಹೇಳಿ, ಬಾಯಿ ತಡೆಯಲಾರದೆ ಕ್ಷೌರಿಕನನ್ನು ಪದದ ಮೂಲ ಕೇಳಿದರು.

"ಮೈ ನವಿರೆದ್ದಿತು ಅಂತೀವಲ್ಲ ಸಾರ್, ಏಳೋದೇನು? ಕೂದಲು ತಾನೆ! ಹಳೇ ಕಾಲದಲ್ಲಿ ನವಿರು ಅಂದ್ರೆ ಕೂದಲು. ಅದರಷ್ಟು ನಯವಾದದ್ದೂ ನವಿರಾಯ್ತು."

ಮೀಸೆರಾಯರಿಗೆ ನಿಜಕ್ಕೂ ನವಿರೆದ್ದಿತು. ಆ ಸಂತೋಷದಲ್ಲಿ ಕಣ್ಣು ಮುಚ್ಚಿದ್ದೇ ತಪ್ಪಾಯಿತು. ತೆರೆದಾಗ ಬಲಗಡೆಯ ಮೀಸೆ ಇರಲಿಲ್ಲ.

"ನೋಡಿ, ಎಡಕ್ಕೆ ಹಳೇ ನವಿರು, ಬಲಕ್ಕೆ ಹೊಸ ನವಿರು! ಬಾಯಲ್ಲಿ ಹೇಳಿದ್ರೆ ಮರೆತುಹೋಗುತ್ತೆ."

ಅರ್ಧ ಮೀಸೆಯಲ್ಲಿ ಬೀದಿಗಿಳಿಯುವುದು ಸಾಧ್ಯವೇ? ಉಳಿದದ್ದನ್ನೂ ತೆಗೆಸಿದರು. ಇಪ್ಪತ್ತು ವರ್ಷ ಸಾಕಿದ ಮೀಸೆಯನ್ನು ಅವನು ಗುಡಿಸುವಾಗ ರಾಯರ ಕಣ್ಣು ಒದ್ದೆಯಾಯಿತು. ಹೋಗಲಿ, ಕುರ್ಚಿಯಾದರೂ ಸಿಗುತ್ತದಲ್ಲ!

ಕಚೇರಿಯಲ್ಲಿ ಆ ಹುಡುಗಿ, "ಯಾರು ಬೇಕಾಗಿತ್ತು?" ಎಂದಳು. ರಾಯರು ಚೀಟಿ ಬರೆದು ಸಂಪಾದಕರ ಕೈಗಿಟ್ಟಾಗ ಐದಕ್ಕೆ ಎರಡು ನಿಮಿಷವಿತ್ತು. ಸಂಪಾದಕರು ಓದಿ ತಲೆದೂಗಿದರು. "ಭೇಷ್! ಕುರ್ಚಿ ನಿಮ್ಮದೇ. ಸಾಮಾನು ಎತ್ಕೊಳ್ಳಿ."

ರಾಯರು ಸಾಮಾನು ತೆಗೆಯಲು ಮೇಜಿನ ಖಾನೆ ಎಳೆದ ರಭಸಕ್ಕೆ ಮೇಜೇ ಸರಿಯಿತು. ಕಾಲಿನಡಿಯ ಮಡಚಿದ ಕಾಗದ ಈಚೆ ಬಿತ್ತು. ಹುಡುಗಿ ಬಿಡಿಸಿ ನೋಡಿ, "ಸಾರ್, ಇದು ನಿಮ್ಮ ಅಕ್ಷರ," ಎಂದು ಸಂಪಾದಕರಿಗೆ ಕೊಟ್ಟಳು.

ಮೂವತ್ತು ವರ್ಷ ಹಳೆಯ ಚೀಟಿ. "ನವಿರು: ೧. ಕೂದಲು. ೨. ಕೂದಲಿನಷ್ಟು ನಯ."

"ಹಾಗಾದ್ರೆ ನಿಮ್ಮದು ಹೊಸ ಚೀಟಿ ಅಲ್ಲವಲ್ಲ," ಎಂದು ಸಂಪಾದಕರು ನಿಟ್ಟುಸಿರಿಟ್ಟರು. "ಕುರ್ಚಿ ನಾಯಿಗೆ ಹೋಯ್ತು."

ಕುಂಟುಮೇಜಿಗೆ ಒರಗಿ ಅದರೊಂದಿಗೇ ತೂಗಾಡುತ್ತ ಮೀಸೆರಾಯರು ಚೀಟಿ ಈಸಿಕೊಂಡು ಓದಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಮುಂದಿನವರ ಗಮನಕ್ಕೆ: ಮೂಲ ತಿಳಿಯಲು ಕ್ಷೌರದಂಗಡಿಗೆ ಹೋಗಬೇಡಿ."

ತಲೆಯೆತ್ತಿದರು. ಸಂಪಾದಕರು ತಮ್ಮ ಬೋಳು ಮೇಲ್ದುಟಿಯನ್ನು ಮೆಲ್ಲಗೆ ಸವರಿಕೊಳ್ಳುತ್ತಿದ್ದರು.