ಎಂಜಲು ಮುಟ್ಟದ ಕಾರು

ನಮ್ಮ ಕಾಕಾನ ಮನೆಯಲ್ಲಿ ಎಂಜಲು ಮುಟ್ಟದವರು ಇಬ್ಬರು. ಒಬ್ಬ ಕಾಕಾ, ಇನ್ನೊಂದು ಅವನ ಡೀಸೆಲ್ ಕಾರು. ಕಾರಿಗೆಲ್ಲಿಯ ಮಡಿ ಎನ್ನುತ್ತೀರಾ? ಕಲಿಸಿದವನೇ ಕಾಕಾ!

ಕಾಕಿಗೆ ದಮ್ಮು. ಅಫಜಲಪುರದಿಂದ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯಲೆಂದೇ ಆ ಹಳೇ ಕಾರು ಕೊಂಡಿದ್ದ. ದಮ್ಮು ಎದ್ದರೆ ತಡ ಮಾಡುವಂತಿಲ್ಲ. ಆದರೆ ಚೌಡಾಪುರದ ರಸ್ತೆಯಲ್ಲಿ ಹವಳಗಾ ಕಡೆಯ ಕಬ್ಬಿನ ಟ್ರ್ಯಾಕ್ಟರು ಮುಂದೆ ಸಿಕ್ಕರೆ ಸಾಕು, ದಾಟಲಾಗದೆ ಕಾರು ಏದುಸಿರು ಬಿಡುತ್ತಿತ್ತು. ಒಳಗೆ ಕಾಕಿಯದೂ ಅದೇ ಕಥೆ. ಯಾರಿಗೆ ಮೊದಲು ಔಷಧಿ ಕೊಡಿಸಬೇಕೋ ತಿಳಿಯುತ್ತಿರಲಿಲ್ಲ.

ಆಳಂದದ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ, ಇಜಿಆರ್ ವಾಲ್ವ್ ಮಸಿ ಕಟ್ಟಿದೆ, ತೊಳೆದರಾಯಿತು ಎಂದ. ಕಾರು ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಇಂಜಿನ್ನಿಗೇ ಕಳಿಸುವ ಬಾಗಿಲು ಅದು. ಕೇಳಿದ್ದೇ ಕಾಕಾ ಹೌಹಾರಿದ.

“ತಾ ಬಿಟ್ಟ ಹೊಗಿ ತಾನೇ ನುಂಗತದೇನು? ಎಂಜಲ ತಿಂದೇ ಇದರ ತಾಕತ್ತ ಹೋಗ್ಯಾದ. ಮುಚ್ಚಿಬಿಡು.”

“ಮುಚ್ಚಬ್ಯಾಡ್ರಿ ಸಾವಕಾರ್ರ. ಹೊರಗ ಬೀಳೋ ಹೊಗಿಯೊಳಗ ವಿಷ ಕಡಿಮಿ ಆಗ್ಲಿ ಅಂತ ಇಟ್ಟಾರ.”

“ಹೊರಗಿನವರ ಚಿಂತಿ ನಮಗ್ಯಾಕೋ? ನನ್ನ ಹೇಣ್ತಿ ಒಳಗ ಕೂಡತಾಳ.”

ಮಿಸ್ತ್ರಿ ಒಪ್ಪದಿದ್ದರೇನಂತೆ, ಕಾಕಾನಿಗೆ ಕೈಯಿಲ್ಲವೇ? ಜೇವರ್ಗಿಯ ನಾದಿನಿ ಹೆಸರು ಕೊರೆಸಿ ಕೊಟ್ಟಿದ್ದ ಸ್ಟೀಲ್ ತಾಟು ಕತ್ತರಿಸಿ ವಾಲ್ವಿನ ಬಾಯಿಗೆ ಜಡಿದ. ಕಾಕಿ ಅಡುಗೆಮನೆಯೆಲ್ಲ ಹುಡುಕಿದಳು.

“ತಂಗಿ ಕೊಟ್ಟ ತಾಟ ಎಲ್ಲಿ ಹೋತ್ರಿ?”

“ಎಲ್ಲೂ ಹೋಗಿಲ್ಲ ಬೇ. ನಮ್ಮ ಜೋಡಿನೇ ತಿರಗಾಕತ್ತದ.”

ಮರುದಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಕಾಕಾ ಅದರ ಮೇಲೆ ಕಾಕಿಯ ಕೆಂಪು ಟಿಕಳಿ ಅಂಟಿಸಿದ. ದೀಪ ಮರೆಯಾಯಿತು, ಕಾರಿಗೆ ಮುತ್ತೈದೆಯ ಕಳೆ ಬಂತು! ಆದರೆ ಟಿಕಳಿಗೆಲ್ಲ ಮರುಳಾಗಲು ಇಂಜಿನ್ನೇನು ಹಸುಗೂಸೇ? ವಾಲ್ವ್ ಮುಚ್ಚಿದ್ದನ್ನು ಪತ್ತೆಹಚ್ಚಿ ತಾನೇ ಶಕ್ತಿ ತಗ್ಗಿಸಿಕೊಂಡು, ಆಸ್ಪತ್ರೆ ಮುಗಿಸಿ ಬರುವಾಗ ಎಷ್ಟು ತುಳಿದರೂ ಓಡದೆ ತೆವಳತೊಡಗಿತು. ಅಂದು ನಾನೂ ಜೊತೆಗಿದ್ದೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನೇ ದಾಟಿತು. ಡ್ರೈವರ್ ಬಗ್ಗಿ ಕೇಳಿದ, “ಸಾವಕಾರ್ರ, ಹಗ್ಗ ಕಟ್ಲೇನ್ರಿ?”

ಕಾಕಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಕಾಕಾ ಟಿಕಳಿಯನ್ನೇ ದುರುಗುಟ್ಟಿ ನೋಡುತ್ತಿದ್ದ.

ಮನೆ ಬಂತು. ಕಾಕಿ ಇಳಿದು ಗೇಟು ತೆರೆದು ನಿಂತಳು. ಕಾಕಾ ಕಾರನ್ನು ರಿವರ್ಸ್‌ನಲ್ಲಿ ಒಳಗೆ ತಂದ. ಘಾಟು ಹೊಗೆ ನೇರ ಅವಳ ಮುಖಕ್ಕೇ ಹೊಡೆಯಿತು. ಕೆಮ್ಮುತ್ತ ಗೋಡೆ ಹಿಡಿದು ಕುಸಿದಳು. ನಾನು ಓಡಿ ದಮ್ಮಿನ ಪಂಪು ತಂದುಕೊಟ್ಟೆ. ಎಳೆದುಕೊಂಡ ಮೇಲೆ ತುಸು ಸುಧಾರಿಸಿದಳು.

ಕಾಕಾ ಬಾನೆಟ್ ಎತ್ತಿದ. ಇಂಜಿನ್ ಕಾದು ಕೆಂಡವಾಗಿತ್ತು. ಆರಲಿ ಎಂದರೂ ಕೇಳದೆ, ಬೆರಳು ಸುಟ್ಟುಕೊಂಡು ತಾಟಿನ ತುಂಡನ್ನು ಕಿತ್ತೆಸೆದ.

“ಗಾಡಿ ಮತ್ತ ತಡಾ ಮಾಡಿದ್ರ ಹ್ಯಾಂಗ್ರಿ ಕಾಕಾ?”

“ನಾನೇ ಜಲ್ದಿ ಹೊಂಡತೇನಿ.”

ಆಮೇಲೆ ಅವಳ ಪಕ್ಕ ನೆಲದ ಮೇಲೇ ಕೂತ. ಸುಟ್ಟ ಕೈಯಿಂದಲೇ ಬೆನ್ನು ನೀವುತ್ತ, ಅವಳು ಎಳೆದಾಗ ಎಳೆದು, ಬಿಟ್ಟಾಗ ಬಿಡುತ್ತ, ತಾನೂ ಅವಳ ಜೊತೆ ಉಸಿರಾಡತೊಡಗಿದ. ಇಷ್ಟು ದಿನ ನಗಿಸಿದ ಕಾಕಾನ ಮೇಲೆ ನನಗೆ ತಡೆಯಲಾರದಷ್ಟು ಪ್ರೀತಿ ಬಂತು. ಅವಳ ಉಸಿರು ಹದಕ್ಕೆ ಬರುವವರೆಗೂ ಅವನದೂ ಬರಲಿಲ್ಲ.