ಇಲ್ಲದ ಪರದೆಯಲ್ಲಿ ಭಾವಮೈದುನನ ಲಗ್ನಪತ್ರಿಕೆ

ನನ್ನ ಭಾವಮೈದುನ ಮಂಜುವಿನ ಮದುವೆ ಗೊತ್ತಾದ ದಿನ ನಾನು ಮಾವನವರಿಗೆ ಫೋನ್ ಮಾಡಿ ಘನಗಂಭೀರವಾಗಿ ಘೋಷಿಸಿದೆ: "ಲಗ್ನಪತ್ರಿಕೆ ಚಿಂತೆ ಬಿಟ್ಟುಬಿಡಿ. ಅದು ನನ್ನ ಜವಾಬ್ದಾರಿ!"

ದಾವಣಗೆರೆಯಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೇನೂ ಬರವಿಲ್ಲ. ಮಾವನವರ ಮನೆಯ ಎದುರಿಗೇ ಒಂದಿದೆ. ಆದರೆ ಆ ಮನೆಯಲ್ಲಿ ನನ್ನ ಉದ್ಯೋಗ ಏನೆಂದು ಇವತ್ತಿಗೂ ಯಾರಿಗೂ ಅರ್ಥವಾಗಿಲ್ಲ. ದೊಡ್ಡಳಿಯ ಬ್ಯಾಂಕ್ ಮ್ಯಾನೇಜರ್. ಅದು ಎಲ್ಲರಿಗೂ ತಿಳಿಯುತ್ತದೆ. ನಾನು ವಿಶಾಖಪಟ್ಟಣದ ಮಧುರವಾಡದಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ ಎಂದರೆ ಮಾವನವರು, "ಬರೀರಿ, ಬರೀರಿ" ಎಂದು ಕಾಯಿಲೆಯವರಿಗೆ ಧೈರ್ಯ ಹೇಳುವಂತೆ ಹೇಳುತ್ತಿದ್ದರು. ಈ ಸಲ ನನ್ನ ಕೆಲಸವನ್ನು ಅವರ ಅಂಗೈ ಮೇಲೇ ಇಟ್ಟು ತೋರಿಸಬೇಕು ಎಂದು ಹಟ ಹುಟ್ಟಿತು.

ಅವಕಾಶವೂ ಕೂಡಿ ಬಂದಿತ್ತು. ವಿಜಯವಾಡದ ಒನ್ ಟೌನಿನಲ್ಲಿರುವ ಸುಬ್ಬಾರಾವ್ ಗಾರು ಅವರ ಪ್ರೆಸ್ಸಿಗೆ ನಾನೇ ಒಂದು ಪ್ರೋಗ್ರಾಂ ತಯಾರಿಸಿದ್ದೆ. ವಧೂವರರ ಹೆಸರು, ಮುಹೂರ್ತ ಕೊಟ್ಟರೆ ಸಾಕು. ಕಳಶ, ಬಾಳೆಕಂಬ, ತೋರಣ ಎಲ್ಲ ಬಿಡಿಸಿ ಪತ್ರಿಕೆಯನ್ನು ಅದೇ ಸಿದ್ಧಪಡಿಸುತ್ತದೆ. ಮೊದಲ ಪತ್ರಿಕೆ ನಮ್ಮ ಮಂಜುವಿನದೇ ಆಗಲಿ ಎಂದೆ. ಸೋಮವಾರ ಅದನ್ನು ದೇವರ ಮುಂದಿಟ್ಟು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಹಂಚಲು ಶುರು ಮಾಡಬೇಕಿತ್ತು.

ಒಂದೇ ತೊಡಕು. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿದ್ದ ಕಂಪ್ಯೂಟರಿಗೆ ಮಾನಿಟರ್ ಇರಲಿಲ್ಲ. ಕಾಗದದ ಬಂಡಲುಗಳ ನಡುವೆ ಅದನ್ನಿಡಲು ಜಾಗವೇ ಇರಲಿಲ್ಲ. ನನ್ನ ಪ್ರೋಗ್ರಾಮೋ, ಪರದೆ ಇಲ್ಲದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಅದಕ್ಕೆ ನಾನು ವರ್ಚುವಲ್ ಡಿಸ್‌ಪ್ಲೇ ಎಂಬ ಉಪಾಯ ಹೂಡಿದೆ. ಅಂದರೆ ಕಂಪ್ಯೂಟರಿನ ನೆನಪಿನಲ್ಲೇ ಒಂದು ಸುಳ್ಳು ಪರದೆ. ಎದುರಿಗೆ ಮಾನಿಟರ್ ಇದೆಯೆಂದೇ ನಂಬಿ ಪ್ರೋಗ್ರಾಂ ಅದರ ಮೇಲೆ ಚಿತ್ರ ಬಿಡಿಸುತ್ತದೆ.

ಹೆಂಡತಿ ಶೋಭಾ ಚಪಾತಿ ಲಟ್ಟಿಸುತ್ತಾ ಕೇಳಿದಳು: "ಪರದೆ ಐತಿ ಅಂತೀರೋ, ಇಲ್ಲ ಅಂತೀರೋ?"

"ಇದೆ. ಆದರೆ ಕಾಣಲ್ಲ."

"ಕಾಣದಿದ್ದ ಮ್ಯಾಲೆ ಅದ್ರಾಗ ಏನ್ ನಡದೈತಿ ಅಂತ ನಿಮಗ ಹೆಂಗ್ ಗೊತ್ತಾಗ್ತೈತಿ?"

"ಅದೆಲ್ಲ ನಿನಗೆ ತಿಳಿಯಲ್ಲ ಬಿಡು" ಎಂದೆ. ಎಂಥ ಮಾತು!

ನಾನು ವಿಜಯವಾಡಕ್ಕೆ ಹೋದ ದಿನ ಸುಬ್ಬಾರಾವ್ ಗಾರು ಹೊಸ ಕಂಪ್ಯೂಟರಿಗೆ ಪೂಜೆ ಇಟ್ಟುಕೊಂಡಿದ್ದರು. ಕುಂಕುಮದ ಬಟ್ಟಲು ಹಿಡಿದು, "ಬೊಟ್ಟು ಎಲ್ಲಿ ಇಡಬೇಕು ಬಾಬೂ? ಪರದೆ ಎಲ್ಲಿ?" ಎಂದು ತೆಲುಗಿನಲ್ಲಿ ಕೇಳಿದರು. ಪರದೆ ಇದೆ, ಕಣ್ಣಿಗೆ ಕಾಣುವುದಿಲ್ಲ ಎಂದು ವಿವರಿಸಿದೆ. ದೈವಭಕ್ತರು, ತಕ್ಷಣ ಕೈಮುಗಿದರು. ನಾನು ಉಬ್ಬಿಹೋಗಿ, "ಇದರಿಂದ ಏನು ಬಂದರೂ ನನ್ನನ್ನು ಕೇಳಬೇಡಿ. ಬಂದ ಹಾಗೆ ಅಚ್ಚು ಹಾಕಿ ದಾವಣಗೆರೆಗೆ ಪಾರ್ಸೆಲ್ ಮಾಡಿಬಿಡಿ" ಎಂದು ಅಪ್ಪಣೆ ಕೊಡಿಸಿ ರೈಲು ಹತ್ತಿದೆ.

ಮರುದಿನ ಫೋನ್. "ಬಾಬೂ, ಕಾರ್ಡು ಇಂಕಾ ರಾಲೇದಂಡಿ." ಇನ್ನೂ ಬಂದಿಲ್ಲವಂತೆ.

ಆಫೀಸಿನಿಂದಲೇ ಆ ಕಂಪ್ಯೂಟರಿನೊಳಗೆ ಇಣುಕಿದೆ. ಪ್ರೋಗ್ರಾಂ ಓಡುತ್ತಲೇ ಇತ್ತು! ತಪ್ಪು ಸಂದೇಶವೂ ಇಲ್ಲ. ಇನ್ನೊಮ್ಮೆ ಶುರು ಮಾಡಿದೆ. ಅದೂ ಓಡಿತು. ಕಾರ್ಡು ಮಾತ್ರ ಇಲ್ಲ. ಪರದೆ ಚಿಕ್ಕದಾಯಿತೇನೋ ಎಂದು ದೊಡ್ಡದು ಮಾಡಿದೆ. ಇಲ್ಲದ ಪರದೆ, ದೊಡ್ಡದು ಮಾಡಲು ಯಾರಪ್ಪನ ಗಂಟು ಹೋಗಬೇಕು? ಸಿನಿಮಾ ಥಿಯೇಟರಿನಷ್ಟು ಹಿಗ್ಗಿಸಿ, ಮತ್ತೆ ಶುರು ಮಾಡಿದೆ. ಮತ್ತೆ. ಮತ್ತೆ!

ಕೊನೆಗೆ, "ನಿಮ್ಮಲ್ಲಿ ಕರೆಂಟಿನ ತೊಂದರೆ ಇರಬೇಕು" ಎಂದುಬಿಟ್ಟೆ. ಸುಬ್ಬಾರಾವ್ ಗಾರು ನೊಂದುಕೊಂಡರು. "ಪಕ್ಕದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಕರೆಂಟು ಹುಟ್ಟುವುದೇ ನಮ್ಮ ಕಣ್ಣೆದುರು ಬಾಬೂ. ನಿಮ್ಮ ವೈಜಾಗಿಗೆ ಬೇಕಾದರೆ ಕಳಿಸುತ್ತೇವೆ!"

ಅಷ್ಟರಲ್ಲಿ ಮಾವನವರ ಫೋನ್ ಬಂತು. "ಪತ್ರಿಕೆ ಎಲ್ಲಿಗೆ ಬಂತ್ರೀ?"

"ಆಗ್ತಾ ಇದೆ ಮಾವ. ಕಣ್ಣಿಗೆ ಕಾಣ್ತಿಲ್ಲ ಅಷ್ಟೆ."

"ಹಂಗಾ..." ಎಂದರು ಅವರು. ಆ 'ಹಂಗಾ' ಕೇಳಿದ್ದೇ ತಡ, ದೊಡ್ಡಳಿಯನ ನಗುಮುಖ ಕಣ್ಮುಂದೆ ಬಂತು.

ಮನೆಗೆ ಬಂದರೆ ಶೋಭಾಳ ಮುಖ ಬಾಡಿತ್ತು. ತಮ್ಮನ ಮದುವೆ, ನಂಬಿದ್ದು ಗಂಡನನ್ನು! "ಆ ಕಾಣದ ಪರದೆದು ಒಂದು ಫೋಟೋ ಆದ್ರೂ ತಗೀರಿ ನೋಡೋಣ" ಎಂದಳು. ಏನೂ ಕಾಣುವುದಿಲ್ಲವೆಂದು ಅವಳಿಗೆ ತೋರಿಸಿಕೊಡಲೆಂದೇ ಆ ಪರದೆಯ ಚಿತ್ರ ತೆಗೆಯುವ ಆದೇಶ ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ನಿಧಾನವಾಗಿ ಮೂಡಿತು.

"ಅಯ್ಯೋ, ನಮ್ಮನಿ ಗಣಪತಿ!" ಎಂದು ಶೋಭಾ ಚೀರಿದಳು.

ಗಣಪತಿಯೇ. ನಾನು ಬರೆಯುವ ಪ್ರತಿ ಪ್ರೋಗ್ರಾಮಿನ ಮೊದಲಲ್ಲೂ ನಮ್ಮ ದೇವರಗೂಡಿನ ಗಣಪತಿಯ ಫೋಟೋ ಇಡುವುದು ನನ್ನ ಪದ್ಧತಿ. ಕೆಳಗೆ 'ಶುರು ಮಾಡೋಣವೇ?' ಎಂಬ ಗುಂಡಿ. ಅದನ್ನು ಒತ್ತಿದರೆ ಮಾತ್ರ ಮುಂದಿನ ಕೆಲಸ. ಆದರೆ ಮಾನಿಟರೇ ಇಲ್ಲದ ಕಡೆ ಒತ್ತುವವರು ಯಾರು? ನಾನು ಮತ್ತೆ ಮತ್ತೆ ಶುರು ಮಾಡಿದಾಗಲೆಲ್ಲ ಇನ್ನೊಬ್ಬ ಗಣಪತಿ ಬಂದು ಕೂತಿದ್ದಾನೆ. ಆ ಭಾರೀ ಕತ್ತಲ ಪರದೆಯ ತುಂಬ ಸಾಲುಸಾಲು ಗಣಪತಿಗಳು, ಎಲ್ಲರದ್ದೂ ಒಂದೇ ಪ್ರಶ್ನೆ: ಶುರು ಮಾಡೋಣವೇ?

"ಅಲ್ಲಿ ಮೌಸೂ ಇಲ್ಲೇನ್ರಿ?"

"ಇಲ್ಲ."

"ಇಲಿ ಕೊಡದ ಗಣಪತೀನ ಹೊರಡು ಅಂದ್ರ ಅಂವ ಹೆಂಗ್ ಹೊರಡ್ತಾನ!" ಎಂದು ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆ ಪೇಚಾಟದ ನಡುವೆ ಮನೆಯಲ್ಲಿ ನಗು ಕೇಳಿ ಹಾಯೆನಿಸಿತು.

ಇಲ್ಲದ ಮೌಸನ್ನು ಒತ್ತುವುದಕ್ಕೂ ಒಂದು ಆದೇಶವಿದೆ. ಖುಷಿಯ ಭರದಲ್ಲಿ ಎಲ್ಲ ಗಣಪತಿಗಳ ಗುಂಡಿಯನ್ನೂ ಒಟ್ಟಿಗೇ ಒತ್ತಿಬಿಟ್ಟೆ. ಸ್ವಲ್ಪ ಹೊತ್ತಿಗೆ ಸುಬ್ಬಾರಾವ್ ಗಾರು ಫೋನ್ ಮಾಡಿ, "ವಚ್ಚಿಂದಿ ಬಾಬೂ! ಬಂತು! ಅದ್ಭುತ!" ಎಂದರು. ನಾನು ಮಾವನವರಿಗೆ, "ಹೊರಟಿತು!" ಎಂದೆ.

ಸೋಮವಾರದ ಹೊತ್ತಿಗೆ ನಾವೂ ದಾವಣಗೆರೆ ತಲುಪಿದೆವು. ಪಾರ್ಸೆಲ್ ನಮಗಿಂತ ಮೊದಲೇ ಬಂದಿತ್ತು. ಪೆಟ್ಟಿಗೆಯಲ್ಲ, ಉದ್ದನೆಯ ಕೊಳವೆಗಳು! ಬಿಚ್ಚಿದರೆ ಫ್ಲೆಕ್ಸು, ಗಣಪತಿಗೊಂದರಂತೆ. ಹಜಾರದ ಈ ಗೋಡೆಯಿಂದ ಆ ಗೋಡೆಯವರೆಗೆ, ಆಳೆತ್ತರದ ಅಕ್ಷರಗಳಲ್ಲಿ ಮಂಜುವಿನ ಹೆಸರು.

ಪತ್ರಿಕೆಯನ್ನು ಪರದೆಯ ಅಳತೆಗೇ ಬಿಡಿಸಬೇಕೆಂದು ಪ್ರೋಗ್ರಾಮಿಗೆ ಹೇಳಿದ್ದವನು ನಾನು. ಪರದೆಯನ್ನು ಥಿಯೇಟರ್ ಮಾಡಿ ಮರೆತವನೂ ನಾನೇ. ಕೂಡಲೇ ವಿಜಯವಾಡಕ್ಕೆ ಫೋನ್ ಮಾಡಿದೆ.

"ಅಳತೆ ನೋಡಿ ಫ್ಲೆಕ್ಸ್ ಮಿಷನ್ನಿಗೇ ಕೊಟ್ಟೆವು. ಕೇಳಬೇಡಿ ಅಂದಿದ್ದಿರಲ್ಲ? ನಿಮ್ಮ ಕರ್ನಾಟಕದ ಕಡೆ ಪದ್ಧತಿಯೇ ಹಾಗಿರಬಹುದು ಅಂದುಕೊಂಡೆ ಬಾಬೂ."

ಪೂಜೆಯ ಮುಹೂರ್ತ ಮೀರುತ್ತಿತ್ತು. ಒಂದು ಫ್ಲೆಕ್ಸನ್ನು ದೇವರ ಮುಂದೆ ಹಾಸಿದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚುವಷ್ಟರಲ್ಲಿ ನಮ್ಮತ್ತೆಗೆ ಒಂದು ಪ್ರದಕ್ಷಿಣೆಯೇ ಆಯಿತು. ಅಷ್ಟರಲ್ಲಿ ಮಾವನವರು ಚಪ್ಪಲಿ ಮೆಟ್ಟಿಕೊಂಡು ಎದುರಿನ ಪ್ರೆಸ್ಸಿಗೆ ಹೋದರು. ಸಂಜೆಗೆ ಕಾರ್ಡುಗಳು ಬಂದವು, ಅಂಗೈಯಗಲದವು.

ಫ್ಲೆಕ್ಸುಗಳನ್ನು ಮಂಜುವಿನ ಗೆಳೆಯರು ಊರ ತುಂಬ ಕಟ್ಟಿದರು. ಮದುವೆಗೆ ಕರೆಸಿಕೊಂಡವರೂ ಬಂದರು, ಫ್ಲೆಕ್ಸ್ ಓದಿದವರೂ ಬಂದರು. ಎಲ್ಲರೂ ಉಂಡು ಸಂತೋಷಪಟ್ಟರು. ಮಾವನವರು ನನ್ನ ಹೆಗಲ ಮೇಲೆ ಕೈಹಾಕಿ ಬೀಗರಿಗೆ ಪರಿಚಯಿಸಿದರು:

"ಇವ್ರು ನಮ್ಮ ಚಿಕ್ಕಳಿಯ. ಇಷ್ಟ್ ವರ್ಷ ಇವ್ರ ಕೆಲಸ ನಮಗ ಕಾಣ್ತಿದ್ದಿಲ್ಲ. ಈ ಸಲ ಕಂಡ್ತು ನೋಡ್ರಿ, ಬಸ್ ಸ್ಟ್ಯಾಂಡಿನಿಂದ್ಲೇ ಕಂಡ್ತು!"